ಹೊಳೆಯ ಚಿಪ್ಪು, ಕಣ್ಣಿಗೆ ಕಾಣದ ಕಣ: ಪಯಸ್ವಿನಿ ದಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಹೊಳೆಗೆ ಕಟ್ಟ ಹಾಕಿ ನೀರು ತಿಳಿಯಾಗುವ ಹೊತ್ತಿಗೆ ನಾನು ಹೈಸ್ಕೂಲಿನ ಮಕ್ಕಳನ್ನು ಪಯಸ್ವಿನಿಯ ದಡಕ್ಕೆ ಕರೆದುಕೊಂಡು ಹೋಗುತ್ತೇನೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ನಮ್ಮ ಕಾಸರಗೋಡಿನ ಅಡೂರು, ಮುಳಿಯಾರಿನ ಬದಿಯಲ್ಲಿ ಹರಿದು, ಚಂದ್ರಗಿರಿ ಎಂಬ ಹೆಸರಿನಲ್ಲಿ ತಳಂಗರೆಯ ಹತ್ತಿರ ಕಡಲು ಸೇರುವ ಹೊಳೆ ಇದು. ಉದ್ದ ಸುಮಾರು 105 ಕಿಲೋಮೀಟರ್. ಅದರ ತಳದ ಮರಳಿನಲ್ಲಿ ಅರ್ಧ ಹೂತುಕೊಂಡು ಬದುಕುವ ಚಿಪ್ಪುಗಳನ್ನು ತೋರಿಸುವುದು ನನ್ನ ಉದ್ದೇಶ. ಕಣ್ಣಿಗೆ ಕಾಣದಷ್ಟು ಸಣ್ಣದಾದ ನ್ಯಾನೋ ಕಣಗಳು ಈ ಚಿಪ್ಪುಗಳಿಗೆ ಏನು ಮಾಡುತ್ತವೆ ಎಂಬ ಮಾತು ಬಂದ ಮೇಲೆ ಮಕ್ಕಳಷ್ಟೇ ಅಲ್ಲ, ಅವರ ಮನೆಯವರೂ ಕೇಳತೊಡಗಿದರು. ಆ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ.

ಹೊಳೆಯ ಚಿಪ್ಪು ಅಂದರೆ ನಾವು ಸುಕ್ಕ ಮಾಡುವ ಮರುವಾಯಿಯೇ?

ಅಲ್ಲ, ಅದರ ನೆಂಟ. ಮಲಯಾಳದವರು ಕಕ್ಕ ಎನ್ನುವ ಮರುವಾಯಿ ಅಳಿವೆಯ ಹತ್ತಿರ, ಉಪ್ಪು ನೀರು ಸಿಹಿ ನೀರು ಬೆರೆಯುವಲ್ಲಿ ಸಿಗುತ್ತದೆ. ಪಡನ್ನ, ಚೆರುವತ್ತೂರು ಕಡೆ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕ್ಕಾಯಿ, ಅಂದರೆ ನಮ್ಮ ಪಚ್ಚಿಲೆ, ಉಪ್ಪು ನೀರಿನದು. ಇಲ್ಲಿ ಹೇಳುತ್ತಿರುವುದು ಮೇಲಿನ ಸಿಹಿನೀರಿನ ಚಿಪ್ಪುಗಳ ವಿಷಯ: ಲ್ಯಾಮೆಲ್ಲಿಡೆನ್ಸ್, ಪ್ಯಾರೇಸಿಯಾ ಮುಂತಾದವು. ಹೊರಗೆ ಕಂದು ಇಲ್ಲವೆ ಕಪ್ಪು, ಒಳಗೆ ಮುತ್ತಿನ ಹೊಳಪು. ನನ್ನ ಅಜ್ಜಿ ಮಾವಿನಕಾಯಿಯ ಸಿಪ್ಪೆ ಹೆರೆಯಲು ಇಂಥ ಒಂದು ಚಿಪ್ಪನ್ನು ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಬೈಲಿನಲ್ಲಿ, ತೋಡಿನಲ್ಲಿ ಸಿಗುವ ನರ್ತೆಯೂ ಇದೇ ಮೃದ್ವಂಗಿಗಳ ಸಂಸಾರಕ್ಕೆ ಸೇರಿದ್ದು. ಅದಕ್ಕೆ ಎರಡು ಚಿಪ್ಪಿನ ಬದಲು ಸುರುಳಿ ಚಿಪ್ಪು ಒಂದೇ.

ಘಟ್ಟದ ಆಚೆ ತುಂಗಾ, ಭದ್ರಾ ಹೊಳೆಗಳಲ್ಲಿ ಸ್ಯೂಡೊಮುಲ್ಲೇರಿಯಾ ಡಾಲಿ ಎಂಬ ಒಂದು ಚಿಪ್ಪಿದೆ. ಸಿಂಪಿಯ ಹಾಗೆ ಬಂಡೆಗೇ ಅಂಟಿಕೊಂಡು ಬೆಳೆಯುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಅದು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಓಡಿ ಹೋಗಲಾರದ ಜೀವಿಗೆ ನೀರು ಕೆಟ್ಟರೆ ಬೇರೆ ದಾರಿ ಇರುವುದಿಲ್ಲ.

ನ್ಯಾನೋ ಕಣ ಎಷ್ಟು ಸಣ್ಣದು? ಸಣ್ಣದಾದರೆ ತೊಂದರೆಯೂ ಸಣ್ಣದಲ್ಲವೇ?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ನ್ಯಾನೋ ಕಣ ಎನ್ನುತ್ತಾರೆ. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಆಗುತ್ತದೆ.

ತೊಂದರೆ ಸಣ್ಣದಲ್ಲ, ಯಾಕೆಂದು ಲೆಕ್ಕ ಹಾಕಿ ನೋಡೋಣ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಲೋಹದ ತುಂಡು ತೆಗೆದುಕೊಳ್ಳಿ. ಅದರ ಆರು ಮುಖ ಸೇರಿ ಮೈ 6 ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೋಮೀಟರಿನ ಚೂರುಗಳಾಗಿ ಕತ್ತರಿಸಿದರೆ ಎಲ್ಲ ಚೂರುಗಳ ಮೈ ಸೇರಿ 600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹದಿನೈದು ಸೆಂಟ್ಸ್ ಜಾಗ. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಾಗಲಿಲ್ಲ, ಆದರೆ ನೀರಿಗೆ, ಜೀವಕೋಶಕ್ಕೆ ತಾಗುವ ಮೈ ಮನೆ ಕಟ್ಟುವಷ್ಟು ದೊಡ್ಡದಾಯಿತು. ರಾಸಾಯನಿಕ ಕೆಲಸವೆಲ್ಲ ಆ ಮೈಯಲ್ಲೇ ನಡೆಯುವುದು.

ಇಲ್ಲಿ ದೊಡ್ಡ ಫ್ಯಾಕ್ಟರಿಯೇ ಇಲ್ಲ, ನಮ್ಮ ಹೊಳೆಗೆ ಎಲ್ಲಿಂದ ಬರಬೇಕು?

ಫ್ಯಾಕ್ಟರಿ ಬೇಡ, ಮನೆ ಸಾಕು. ವಾಸನೆ ಬಾರದ ಹಾಗೆ ಬೆಳ್ಳಿಯ ಕಣ ಸೇರಿಸಿದ ಕಾಲುಚೀಲ, ಬನಿಯನ್ನುಗಳು ಒಗೆದಷ್ಟೂ ಸ್ವಲ್ಪ ಸ್ವಲ್ಪ ಬೆಳ್ಳಿ ಬಿಡುತ್ತವೆ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಗೋಡೆಯ ಪೈಂಟಿಗೆ ಬಿಳುಪು ಕೊಡುವುದೂ ಟೈಟಾನಿಯಂ ಡೈಆಕ್ಸೈಡೇ. ಅದರ ಬಹುಪಾಲು ಕಣಗಳು ನ್ಯಾನೋ ಗಾತ್ರಕ್ಕಿಂತ ದೊಡ್ಡವು, ಒಂದಿಷ್ಟು ಪಾಲು ಮಾತ್ರ 100 ನ್ಯಾನೋಮೀಟರಿಗಿಂತ ಸಣ್ಣವು. ಹೊಸದಾಗಿ ಪೈಂಟ್ ಹೊಡೆದ ಗೋಡೆಯಿಂದ ಮಳೆ ಆ ಕಣಗಳನ್ನು ತೊಳೆದು ತೋಡಿಗೆ ಒಯ್ಯುವುದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2008ರಲ್ಲೇ ತೋರಿಸಿದರು. ಅವರ ಮಳೆ ಎಷ್ಟು, ನಮ್ಮ ಮಳೆ ಎಷ್ಟು! ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ.

ಇನ್ನು ಟಯರ್ ಸವೆದ ಪುಡಿ, ಬಿಸಿಲಿಗೆ ಒಣಗಿ ಪುಡಿಯಾದ ಪ್ಲಾಸ್ಟಿಕ್ ಚೀಲ, ಹಳೆಯ ಟಾರ್ಪಾಲು. ದೊಡ್ಡ ನಗರಗಳಲ್ಲಿ ಕೊಳಚೆ ನೀರಿನ ಒಂದು ಪಾಲಾದರೂ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಬೆಳ್ಳಿಯ ಕಣಗಳು ಗಂಧಕದ ಜತೆ ಸೇರಿ ಸಿಲ್ವರ್ ಸಲ್ಫೈಡ್ ಆಗುವುದರಿಂದ ಅವುಗಳ ವಿಷ ಬಹಳ ಇಳಿಯುತ್ತದೆ. ನಮ್ಮ ಹಳ್ಳಿಮನೆಗಳ ಬಟ್ಟೆ ಒಗೆದ ನೀರು ಅಂಥ ಘಟಕವನ್ನು ಕಾಣದೆ ತೋಟದ ಕಣಿಗೆ, ಅಲ್ಲಿಂದ ತೋಡಿಗೆ ಹೋಗುತ್ತದೆ.

ಮಳೆಗಾಲದ ಕೆಂಪು ನೀರಿನಲ್ಲೂ ಅಷ್ಟೇ ಸಣ್ಣ ಕಣ ಇರುತ್ತದಲ್ಲ?

ಇರುತ್ತದೆ. ಈ ಪ್ರಶ್ನೆ ಕೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ, ನನಗೆ ತುಂಬ ಖುಷಿಯಾಯಿತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು, ಅದರಲ್ಲಿ ನ್ಯಾನೋ ಗಾತ್ರದ ಕಣಗಳೂ ಇವೆ. ಜೇಡಿಮಣ್ಣಿನಲ್ಲಿ ಇವೆ, ಒಲೆಯ ಹೊಗೆಯಲ್ಲೂ ಇವೆ. ಚಿಪ್ಪುಗಳು ಕೋಟ್ಯಂತರ ವರ್ಷ ಇಂಥ ನೀರಿನಲ್ಲೇ ಬಾಳಿದವು. ಹಾಗಾಗಿ ಸಣ್ಣದು ಎಂಬ ಕಾರಣಕ್ಕೇ ಎಲ್ಲವೂ ವಿಷ ಎನ್ನಲಾಗದು.

ಮನುಷ್ಯ ಬೇಕೆಂದು ಮಾಡಿದ ಕಣ ಬೇರೆ ಥರ. ಬೆಳ್ಳಿ, ತಾಮ್ರ, ಸತುವಿನಂಥ ಲೋಹಗಳನ್ನು ಆರಿಸಿಕೊಳ್ಳುವುದೇ ಅವು ರೋಗಾಣುಗಳನ್ನು, ಬೂಷ್ಟನ್ನು ಕೊಲ್ಲುತ್ತವೆ ಎಂಬ ಕಾರಣಕ್ಕೆ. ಒಂದಕ್ಕೊಂದು ಅಂಟದೆ ನೀರಿನಲ್ಲಿ ತೇಲುತ್ತ ಇರಲಿ ಎಂದು ಮೇಲೆ ಲೇಪವನ್ನೂ ಕೊಡುತ್ತಾರೆ. ಕೊಲ್ಲುವ ಗುಣ ಹೊಳೆಗೆ ಇಳಿದ ಮೇಲೆ ರೋಗಾಣು ಯಾವುದು, ಚಿಪ್ಪು ಯಾವುದು ಎಂದು ನೋಡುವುದಿಲ್ಲ.

ಚಿಪ್ಪು ನೀರನ್ನು ಸೋಸುತ್ತದೆ ಎನ್ನುತ್ತೀರಿ. ಕಣ್ಣಾರೆ ನೋಡಬಹುದೇ?

ನೋಡಬಹುದು. ಎರಡು ಹಾರ್ಲಿಕ್ಸ್ ಬಾಟಲಿಗಳಲ್ಲಿ ಹೊಳೆಯ ನೀರು ತುಂಬಿ, ಎರಡಕ್ಕೂ ಒಂದೊಂದು ಚಿಟಿಕೆ ನುಣ್ಣನೆಯ ಹೊಳೆಮಣ್ಣು ಕಲಕಿದೆವು. ಒಂದರಲ್ಲಿ ಚಿಪ್ಪು ಇಟ್ಟೆವು, ಇನ್ನೊಂದು ಖಾಲಿ. ಮೊದಲ ಇಪ್ಪತ್ತು ನಿಮಿಷ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ಮಕ್ಕಳಿಗೆ ಬೇಸರ ಬಂದು ಅತ್ತಿತ್ತ ಓಡಾಡತೊಡಗಿದರು. ಆಮೇಲೆ ಚಿಪ್ಪಿನ ಹಿಂದಿನ ತುದಿ ಅಕ್ಕಿಕಾಳಿನ ದಪ್ಪಕ್ಕೆ ಬಿರಿಯಿತು. ಒಳಗಿಂದ ಎರಡು ಸೀಳುಗಳು ಕಾಣಿಸಿಕೊಂಡವು. ಕೆಳಗಿನದರ ಅಂಚಿನಲ್ಲಿ ಸಣ್ಣ ಸಣ್ಣ ಕೂದಲಿನಂಥ ಗೊಂಡೆ, ಮೇಲಿನದು ನಯ. ಕೆಳಗಿನದರಿಂದ ನೀರು ಒಳಗೆ, ಮೇಲಿನದರಿಂದ ಹೊರಗೆ. ಮಣ್ಣಿನ ಕಣಗಳು ಗೊಂಡೆಯ ಕಡೆಗೆ ನಿಧಾನ ಸಾಲು ಹಿಡಿದು ಹೋಗುವುದು ಬಿಸಿಲಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬಂದಾಗ ಚಿಪ್ಪಿದ್ದ ಬಾಟಲಿಯ ಆಚೆಗೆ ಹಿಡಿದ ಪುಸ್ತಕದ ಅಕ್ಷರ ಓದಲು ಬರುತ್ತಿತ್ತು. ಇನ್ನೊಂದರಲ್ಲಿ ಬಂದಿರಲಿಲ್ಲ. ತಳದಲ್ಲಿ ಲೋಳೆ ಸುತ್ತಿದ ಮಣ್ಣಿನ ಸಣ್ಣ ಸಣ್ಣ ಎಳೆಗಳು ಬಿದ್ದಿದ್ದವು.

ಒಳಗೆ ನಡೆದದ್ದು ಇಷ್ಟು: ಕಿವಿರುಗಳ ಮೇಲೆ ಲಕ್ಷಗಟ್ಟಲೆ ಸೂಕ್ಷ್ಮ ರೋಮಗಳು ಬೀಸಣಿಗೆಯ ಹಾಗೆ ಬೀಸಿ ನೀರನ್ನು ಎಳೆಯುತ್ತವೆ. ಸಿಕ್ಕ ಕಣ ಲೋಳೆಗೆ ಅಂಟುತ್ತದೆ. ಬಾಯಿಯ ಹತ್ತಿರದ ಎಸಳುಗಳು ಪಾಚಿಯನ್ನು ಆರಿಸಿ ಒಳಗೆ ತೆಗೆದುಕೊಂಡು, ಬೇಡದ ಮಣ್ಣನ್ನು ಲೋಳೆಯಲ್ಲಿ ಸುತ್ತಿ ಹೊರಗೆ ಬಿಸಾಡುತ್ತವೆ. ಒಂದು ಬೆಳೆದ ಚಿಪ್ಪು ದಿನಕ್ಕೆ ಹಲವು ಲೀಟರ್ ನೀರನ್ನು ಹೀಗೆ ಸೋಸುತ್ತದೆ. ಒಂದು ಕಟ್ಟದ ತಳದಲ್ಲಿ ಸಾವಿರ ಚಿಪ್ಪು ಇದ್ದರೆ ಕೆಲಸ ಎಷ್ಟಾಯಿತು ನೋಡಿ.

ಅಷ್ಟು ಸಣ್ಣ ಕಣ ಕಿವಿರಿನ ಜಾಲರಿಯಿಂದ ಜಾರಿ ಹೋಗುವುದಿಲ್ಲವೇ?

ಒಂಟಿಯಾಗಿ ಇದ್ದರೆ ಬಹಳಷ್ಟು ಜಾರಿ ಹೋಗುತ್ತದೆ. ಕಿವಿರು ಚೆನ್ನಾಗಿ ಹಿಡಿಯುವುದು ಒಂದೆರಡು ಸಾವಿರ ನ್ಯಾನೋಮೀಟರಿಗಿಂತ ದೊಡ್ಡ ಕಣಗಳನ್ನು. ಆದರೆ ನ್ಯಾನೋ ಕಣಗಳು ಹೊಳೆಯಲ್ಲಿ ಒಂಟಿಯಾಗಿ ಉಳಿಯುವುದು ಕಡಿಮೆ. ಪಾಚಿಗೆ ಅಂಟುತ್ತವೆ, ಕೊಳೆತ ಎಲೆಯ ರಸಕ್ಕೆ ಅಂಟುತ್ತವೆ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಡಲಿನ ಪಚ್ಚಿಲೆ ಜಾತಿಗೂ ಸಿಂಪಿಗೂ 100 ನ್ಯಾನೋಮೀಟರಿನ ಪ್ಲಾಸ್ಟಿಕ್ ಮಣಿಗಳನ್ನು ಎರಡು ರೀತಿಯಲ್ಲಿ ಕೊಟ್ಟರು, ಬಿಡಿಬಿಡಿಯಾಗಿ ಮತ್ತು ನೀರಿನ ಕಸದ ಮುದ್ದೆಗೆ ಸೇರಿಸಿ. ಮುದ್ದೆಯಲ್ಲಿದ್ದವು ಹೆಚ್ಚು ಹೊಟ್ಟೆ ಸೇರಿದವು. ಅನ್ನದ ಜತೆ ಬೆರೆತು ಬಂದದ್ದನ್ನು ಬಾಯಿ ಬೇರ್ಪಡಿಸಲಾರದು.

ಒಳಗೆ ಹೋದ ಮೇಲೆ ಚಿಪ್ಪಿಗೆ ಏನಾಗುತ್ತದೆ?

ಮೊದಲು ತಾಗುವುದು ಕಿವಿರಿಗೆ. ಲೋಳೆ ಹೆಚ್ಚುತ್ತದೆ, ರೋಮಗಳ ಬೀಸಾಟ ನಿಧಾನವಾಗುತ್ತದೆ. ಚಿಪ್ಪು ಅನುಮಾನ ಬಂದರೆ ಬಾಗಿಲು ಹಾಕಿಕೊಳ್ಳುತ್ತದೆ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಬಾಗಿಲು ಹಾಕಿದಷ್ಟು ಹೊತ್ತು ಉಸಿರಾಟವೂ ಇಲ್ಲ, ಊಟವೂ ಇಲ್ಲ. ಪದೇ ಪದೇ ಹೀಗಾದರೆ ಬೆಳವಣಿಗೆ ಕುಂಠಿತ.

ಆಮೇಲೆ ಕಣ ಸೇರುವುದು ಜೀರ್ಣಗ್ರಂಥಿಗೆ, ಒಡೆದ ಚಿಪ್ಪಿನಲ್ಲಿ ಕಡುಹಸಿರು ಅಥವಾ ಕಪ್ಪಗೆ ಕಾಣುವ ಭಾಗಕ್ಕೆ. ಅಲ್ಲಿನ ಜೀವಕೋಶಗಳು ಆಹಾರದ ತುಣುಕುಗಳನ್ನು ಹಾಗೆಯೇ ನುಂಗಿ ಒಳಗೆ ಕರಗಿಸುವಂಥವು. ಜೀವಕೋಶದ ಒಳಗೆ ಲೈಸೋಸೋಮ್ ಎಂಬ ಹುಳಿ ಚೀಲ ಇರುತ್ತದೆ. ಬೆಳ್ಳಿ, ತಾಮ್ರ, ಸತುವಿನ ಕಣ ಆ ಹುಳಿಯಲ್ಲಿ ಕರಗಿ ಲೋಹದ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಪರಮಾಣುಗಳನ್ನು, ಬಿಡುತ್ತದೆ. ನೀರಿನಲ್ಲಿ ಕರಗಿ ಬಂದಿದ್ದರೆ ಅಷ್ಟು ಲೋಹ ಒಳಗೆ ಹೋಗದೆ ಇರಬಹುದಿತ್ತು. ಪೊಟ್ಟಣದಲ್ಲಿ ಬಂದದ್ದರಿಂದ ನೇರ ಅಡುಗೆಮನೆಗೇ ತಲುಪಿತು. ಚೀಲದ ಪೊರೆ ಸಡಿಲವಾಗುವುದನ್ನು ವಿಜ್ಞಾನಿಗಳು ಚಿಪ್ಪಿನ ಆರೋಗ್ಯ ಅಳೆಯುವ ಮೊದಲ ಗುರುತಾಗಿ ಬಳಸುತ್ತಾರೆ.

ಮೂರನೆಯದು ಆಮ್ಲಜನಕದ ಕಿಡಿಗಳ ಹಾವಳಿ. ಲೋಹದ ಕಣದ ಮೈಯಲ್ಲಿ ಚುರುಕಾದ ಆಮ್ಲಜನಕದ ರೂಪಗಳು ಹುಟ್ಟಿ ಜೀವಕೋಶದ ಕೊಬ್ಬನ್ನು ಸುಡುತ್ತವೆ. ಡಬ್ಬದಲ್ಲಿ ಬಹಳ ದಿನ ಇಟ್ಟ ತೆಂಗಿನೆಣ್ಣೆ ಕಮಟು ವಾಸನೆ ಹೊಡೆಯುತ್ತದಲ್ಲ, ರಸಾಯನಶಾಸ್ತ್ರದ ಪ್ರಕಾರ ಅದೂ ಇದೇ ಜಾತಿಯ ಕೆಲಸ. ಚಿಪ್ಪು ಇದನ್ನು ತಡೆಯಲು ಕ್ಯಾಟಲೇಸ್‌ನಂಥ ಕಿಣ್ವಗಳನ್ನು ಹೆಚ್ಚಿಸುತ್ತದೆ. ಅದಕ್ಕೆ ಖರ್ಚಾಗುವ ಶಕ್ತಿ ಚಿಪ್ಪು ಕಟ್ಟುವುದಕ್ಕೆ, ಮೊಟ್ಟೆಗೆ ಹೋಗಬೇಕಾದ ಶಕ್ತಿಯೇ. ತಡೆ ಸೋತರೆ ಡಿಎನ್‌ಎ ಎಳೆಗಳೂ ತುಂಡಾಗುತ್ತವೆ. ಕೆನಡಾದಲ್ಲಿ ಎಲಿಪ್ಟಿಯೋ ಎಂಬ ಹೊಳೆಚಿಪ್ಪಿನ ಮೇಲೆ ಕ್ಯಾಡ್ಮಿಯಂ ಟೆಲುರೈಡ್ ಕಣಗಳಿಂದ ಪ್ರಯೋಗ ಮಾಡಿದಾಗ ಕಿವಿರಿನ ಕೊಬ್ಬು ಸುಟ್ಟ ಗುರುತೂ ರಕ್ತಕಣಗಳ ರೋಗನಿರೋಧ ಶಕ್ತಿ ಇಳಿದದ್ದೂ ಕಂಡಿತು.

ಇಷ್ಟೆಲ್ಲ ಆದರೂ ಚಿಪ್ಪು ಸಾಯದೆ ಇರಬಹುದು. ನನಗೆ ಹೆಚ್ಚು ಕಳವಳ ತರುವುದು ಅದೇ. ಸತ್ತ ಮೀನು ತೇಲಿ ಬಂದರೆ ಊರು ಸೇರುತ್ತದೆ. ಮರಳಿನೊಳಗೆ ಬಡಕಲಾಗುತ್ತಿರುವ ಚಿಪ್ಪನ್ನು ಯಾರೂ ನೋಡುವುದಿಲ್ಲ.

ಯಾವ ಕಣ ಹೆಚ್ಚು ಕೆಟ್ಟದು?

ಕರಗುವ ಲೋಹಗಳು: ಬೆಳ್ಳಿ, ತಾಮ್ರ, ಸತು. ಟೈಟಾನಿಯಂ ಡೈಆಕ್ಸೈಡ್ ಕರಗುವುದಿಲ್ಲ, ಕತ್ತಲಲ್ಲಿ ಬಹಳ ಸಾಧು. ಆದರೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದೂ ಕಿಡಿ ಕಾರುತ್ತದೆ. ತಿಳಿನೀರಿನ ಮೊಣಕಾಲಷ್ಟು ಆಳದ ಹೊಳೆಯಲ್ಲಿ ಬಿಸಿಲು ತಳದವರೆಗೂ ಇಳಿಯುತ್ತದೆ ಎಂಬುದನ್ನು ನೆನಪಿಡಬೇಕು.

ಚಿಪ್ಪಿನ ಮರಿಗಳಿಗೆ?

ಮರಿಗಳ ಕಥೆ ಕೇಳಿದರೆ ಆಶ್ಚರ್ಯವಾಗುತ್ತದೆ. ಹೊಳೆಚಿಪ್ಪಿನ ತಾಯಿ ಮೊಟ್ಟೆಗಳನ್ನು ತನ್ನ ಕಿವಿರಿನ ಒಳಗೇ ಕಾಪಾಡುತ್ತಾಳೆ. ಅದೇ ಕಿವಿರು ಸೋಸುವ ಜಾಲರಿಯೂ ಹೌದು, ಉಸಿರಾಟದ ಅಂಗವೂ ಹೌದು, ತೊಟ್ಟಿಲೂ ಹೌದು. ಅಲ್ಲಿಂದ ಹೊರಬಿದ್ದ ಗ್ಲೋಕಿಡಿಯಂ ಎಂಬ ಮರಿ ಒಂದು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ, ವಾರ ಸವಾರಿ ಮಾಡಿ, ಆಮೇಲೆ ಕಳಚಿಕೊಂಡು ಮರಳಿಗೆ ಇಳಿಯಬೇಕು. ಮೀನು ಇಲ್ಲದ ಹೊಳೆಯಲ್ಲಿ ಚಿಪ್ಪಿನ ಸಂತಾನವೂ ಇಲ್ಲ.

ಈ ಮರಿಗಳು ತಾಮ್ರಕ್ಕೆ ತೀರ ಸೂಕ್ಷ್ಮ. ಅಮೆರಿಕದ ಹೊಳೆಚಿಪ್ಪುಗಳ ಮರಿಗಳ ಮೇಲಿನ ಪರೀಕ್ಷೆಗಳಲ್ಲಿ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರಕ್ಕೇ ಅರ್ಧದಷ್ಟು ಮರಿಗಳು ಸೋತವು. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ತಾಮ್ರದ ಒಪ್ಪಿತ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ. ಮನುಷ್ಯನ ಮಗುವಿಗೆ ಕುಡಿಸಬಹುದಾದ ನೀರಿನಲ್ಲಿ ಚಿಪ್ಪಿನ ಮಗು ಬದುಕದೇ ಹೋಗಬಹುದು.

ನರ್ತೆಗೂ ಹೀಗೆಯೇ ಆಗುತ್ತದೆಯೇ?

ದಾರಿ ಬೇರೆ. ನರ್ತೆ ಸೋಸುವುದಿಲ್ಲ, ಕಲ್ಲಿನ ಮೇಲಿನ, ಎಲೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಕಣಗಳು ಪಾಚಿಯ ಪದರದಲ್ಲಿ ಕೂತಿರುತ್ತವೆ. ಲಿಮ್ನಿಯಾ ಸ್ಟ್ಯಾಗ್ನಾಲಿಸ್ ಎಂಬ ಕೊಳದ ಬಸವನಹುಳುವಿಗೆ ಸತುವಿನ ಆಕ್ಸೈಡ್ ಕಣ ಬೆರೆಸಿದ ಪಾಚಿ ಕೊಟ್ಟು ನೋಡಿದಾಗ ಅದು ಸತುವನ್ನು ಚೆನ್ನಾಗಿಯೇ ಹೀರಿಕೊಂಡಿತು. ಪ್ರಮಾಣ ಹೆಚ್ಚಿಸಿದಾಗ ತಿನ್ನುವುದು ಕಡಿಮೆಯಾಯಿತು, ತಿಂದದ್ದು ಅರಗಲಿಲ್ಲ.

ನಮ್ಮ ಹೊಳೆಯ ನೀರು ಬೇರೆ ಊರಿನ ನೀರಿಗಿಂತ ಬೇರೆಯೇ?

ಹೌದು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುರಕಲ್ಲಿನ ನೆಲದ ನೀರು ಮೆದು, ಸುಣ್ಣದ ಅಂಶ ಕಡಿಮೆ. ಸಾಬೂನು ಒಂದು ಸಲ ಉಜ್ಜಿದರೆ ಸಾಕು, ನೊರೆ ಬರುತ್ತದೆ. ಬಯಲುಸೀಮೆಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ನ್ಯಾನೋ ಕಣಗಳು ಬೇಗ ಮುದ್ದೆಗಟ್ಟಿ ಕೂರುತ್ತವೆ, ಲೋಹದ ವಿಷವೂ ಸ್ವಲ್ಪ ತಗ್ಗುತ್ತದೆ. ಮೆದು ನೀರಿನಲ್ಲಿ ಕಣಗಳು ಹೆಚ್ಚು ದೂರ ತೇಲುತ್ತವೆ, ತಾಮ್ರ ಹೆಚ್ಚು ಚುಚ್ಚುತ್ತದೆ. ಅದರ ಮೇಲೆ, ಸುಣ್ಣ ಕಡಿಮೆ ಇರುವ ನೀರಿನಲ್ಲಿ ಚಿಪ್ಪು ಕಟ್ಟುವುದೇ ಕಷ್ಟದ ಕೆಲಸ. ಒಂದೇ ಸಮಾಧಾನ, ಕಾಡಿನ, ತೋಟದ ಕೊಳೆತ ಸೊಪ್ಪಿನಿಂದ ನೀರಿಗೆ ಇಳಿಯುವ ಕಂದು ರಸ ಲೋಹವನ್ನು ಹಿಡಿದಿಟ್ಟುಕೊಂಡು ಅದರ ಚೂಪು ಕಡಿಮೆ ಮಾಡುತ್ತದೆ. ಹೊಳೆ ಬದಿಯ ಮರ ಕಡಿಯಬಾರದು ಎನ್ನಲು ನನಗೆ ಇದೂ ಒಂದು ಕಾರಣ.

ಕೆಳಗೆ ಹೋದ ಹಾಗೆ ಕಥೆ ಬದಲಾಗುತ್ತದೆ. ಬೇಸಿಗೆಯಲ್ಲಿ, ಪೇಟೆಗೆ ನೀರು ಎತ್ತುವ ಬಾವಿಕ್ಕೆರೆಯ ತನಕ ಉಪ್ಪು ನೀರು ಏರಿ ಕಾಸರಗೋಡು ಪೇಟೆಯವರು ಉಪ್ಪು ನೀರು ಕುಡಿದ ವರ್ಷಗಳು ಎಲ್ಲರಿಗೂ ನೆನಪಿವೆ. ಉಪ್ಪು ತಾಗಿದ ಕೂಡಲೇ ಕಣಗಳು ಮುದ್ದೆಯಾಗಿ ತಳ ಸೇರುತ್ತವೆ. ಮರುವಾಯಿ ಹೆಕ್ಕುವ ಅಳಿವೆಯ ಕೆಸರು ಅದೇ ತಳ. ಮೇಲಿನವರು ತೋಡಿಗೆ ಬಿಟ್ಟದ್ದು ಕೆಳಗಿನವರ ಬುಟ್ಟಿಗೆ ಹೋಗಿ ಸೇರುವ ದಾರಿ ಹೀಗಿದೆ. ಕಟ್ಟದ ಹಿಂದೆ ನಿಂತ ನೀರೂ ಹಾಗೆಯೇ, ಹರಿವು ಇಲ್ಲದ್ದರಿಂದ ಕಣ ಕೆಳಗೆ ಕೂರುತ್ತದೆ. ಚಿಪ್ಪುಗಳೂ ಸೋಸಿ ಲೋಳೆಯಲ್ಲಿ ಸುತ್ತಿ ಅದನ್ನೇ ಕೆಳಗೆ ಹಾಕುತ್ತವೆ.

ಅಡಿಕೆಗೆ ಮದ್ದು ಬಿಡುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದನ್ನು ಕೇಳುವಾಗ ಎಲ್ಲರ ದನಿಯಲ್ಲೂ ಸ್ವಲ್ಪ ಅಳುಕು ಇರುತ್ತದೆ. ನಮ್ಮ ಮನೆಯದೂ ಅಡಿಕೆ ತೋಟವೇ, ಆದ್ದರಿಂದ ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತೇನೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ನ್ಯಾನೋ ಕಣವೆಂದು ತಯಾರಿಸಿದ್ದಲ್ಲ. ಆದರೆ ಚಿಪ್ಪಿನ ಒಳಗೆ ನ್ಯಾನೋ ತಾಮ್ರ ಕರಗಿದಾಗ ಉಳಿಯುವುದೂ ಇದೇ ತಾಮ್ರ. ಹಿಂದೆ ಬಸವನಹುಳು ಕೊಲ್ಲಲೆಂದೇ ಮೈಲುತುತ್ತನ್ನು ನೀರಿಗೆ ಹಾಕುತ್ತಿದ್ದರು ಎಂದರೆ ಅರ್ಥವಾಗುತ್ತದೆ.

ಲೆಕ್ಕ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ಅದರಲ್ಲಿ ಶುದ್ಧ ತಾಮ್ರ ಸುಮಾರು 250 ಗ್ರಾಂ. ಕೆಲಸ ಮುಗಿದ ಮೇಲೆ ಡ್ರಮ್ಮಿನ ತಳದಲ್ಲಿ ಉಳಿದ ಒಂದು ಲೀಟರನ್ನು ತೋಡಿಗೆ ಚೆಲ್ಲಿ ತೊಳೆದರೆ ಎರಡೂವರೆ ಗ್ರಾಂ ತಾಮ್ರ ಹೋಯಿತು. ಅದು ಪೂರ್ತಿ ಕರಗಿದರೆ ಒಂದು ಲಕ್ಷ ಲೀಟರ್ ನೀರನ್ನು ಲೀಟರಿಗೆ 25 ಮೈಕ್ರೋಗ್ರಾಂ ಮಟ್ಟಕ್ಕೆ ಏರಿಸಲು ಸಾಕು. ಪೂರ್ತಿ ಕರಗುವುದಿಲ್ಲ, ಬಹುಪಾಲು ಸುಣ್ಣದ ಜತೆ ಗಟ್ಟಿಯಾಗಿ ಮಣ್ಣಿಗೆ ಅಂಟುತ್ತದೆ, ಮಳೆಗಾಲದ ಹರಿವೂ ದೊಡ್ಡದು. ಹಾಗಿದ್ದರೂ ಒಂದು ತೋಡಿನ ಬದಿಯಲ್ಲಿ ಎಷ್ಟು ತೋಟ, ಎಷ್ಟು ಡ್ರಮ್ಮು!

ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಬಂದರೆ ಫಸಲೇ ಇಲ್ಲ, ಮದ್ದು ಬಿಡಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ನಮ್ಮಲ್ಲಿ ಮಾಡಿಕೊಂಡ ಬದಲಾವಣೆ ಇಷ್ಟೇ: ದ್ರಾವಣ ಕಲಸುವುದು ತೋಡಿನ ಬದಿಯಿಂದ ದೂರ, ಅಂಗಳದ ಮೇಲಿನ ಜಾಗದಲ್ಲಿ. ಡ್ರಮ್, ಪೈಪು ತೊಳೆದ ನೀರು ಮತ್ತೆ ಮರದ ಬುಡಕ್ಕೇ. ಉಳಿದ ದ್ರಾವಣವನ್ನು ಪಕ್ಕದ ತೋಟದವರು ಅದೇ ದಿನ ಮದ್ದು ಬಿಡುತ್ತಿದ್ದರೆ ಅವರಿಗೆ ಕೊಡುತ್ತೇವೆ.

ಈಗ ನ್ಯಾನೋ ತಾಮ್ರದ ಶಿಲೀಂಧ್ರನಾಶಕಗಳ ಮಾತೂ ಬರುತ್ತಿದೆ. ಕಡಿಮೆ ತಾಮ್ರದಲ್ಲಿ ಹೆಚ್ಚು ಕೆಲಸ ಎನ್ನುವುದು ಅದರ ಆಕರ್ಷಣೆ, ಅದು ಒಳ್ಳೆಯದೇ. ಎಲೆಯ ಮೇಲೆ ಚೆನ್ನಾಗಿ ಕೆಲಸ ಮಾಡುವ ಕಣ ಕಿವಿರಿನ ಮೇಲೆಯೂ ಚೆನ್ನಾಗಿಯೇ ಮಾಡುತ್ತದೆ, ಆದ್ದರಿಂದ ಚೆಲ್ಲುವ ವಿಷಯದಲ್ಲಿ ಅದಕ್ಕೆ ಇನ್ನೂ ಹೆಚ್ಚು ಜಾಗ್ರತೆ ಬೇಕು.

ನ್ಯಾನೋ ಯೂರಿಯಾ?

2021ರಲ್ಲಿ ಇಫ್ಕೋ ಮಾರುಕಟ್ಟೆಗೆ ತಂದ ಅರ್ಧ ಲೀಟರಿನ ಬಾಟಲಿಯ ವಿಷಯ ಕೇಳುತ್ತಿದ್ದೀರಿ. ಅದು ಲೋಹವಲ್ಲ, ಸಾರಜನಕ. ಬೆಳ್ಳಿ, ತಾಮ್ರದ ಜತೆ ಅದನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಚಿಪ್ಪಿಗೆ ಸಂಬಂಧಪಟ್ಟ ಹಾಗೆ ಸಾರಜನಕದ ತೊಂದರೆ ಅಮೋನಿಯಾ ರೂಪದಲ್ಲಿ ಬರುತ್ತದೆ. ಹೊಳೆಚಿಪ್ಪುಗಳು ಅಮೋನಿಯಾಕ್ಕೆ ಎಷ್ಟು ಸೂಕ್ಷ್ಮ ಎಂದರೆ ಅಮೆರಿಕದ ಪರಿಸರ ಸಂಸ್ಥೆ 2013ರಲ್ಲಿ ತನ್ನ ಅಮೋನಿಯಾ ಮಿತಿಯನ್ನು ಅವುಗಳನ್ನು ನೋಡಿಯೇ ಬಿಗಿ ಮಾಡಿತು. ದನದ ಹಟ್ಟಿ ತೊಳೆದ ನೀರು ನೇರ ತೋಡಿಗೆ ಹೋಗುವ ಮನೆಗಳು ಮೊದಲು ಯೋಚಿಸಬೇಕಾದದ್ದು ಅದನ್ನು. ಭಾರತದಲ್ಲಿ ನ್ಯಾನೋ ಕೃಷಿ ಉತ್ಪನ್ನಗಳ ಪರೀಕ್ಷೆ ಹೇಗಿರಬೇಕೆಂಬ ಮಾರ್ಗಸೂಚಿ 2020ರಲ್ಲಿ ಬಂದಿದೆ.

ಪ್ರಯೋಗಾಲಯದ ಫಲಿತಾಂಶ ನಮ್ಮ ಹೊಳೆಗೆ ಹೊಂದುತ್ತದೆಯೇ? ಹೆದರಿಸುತ್ತಿಲ್ಲ ತಾನೇ?

ಹೆದರಿಸುವುದು ನನ್ನ ಉದ್ದೇಶವಲ್ಲ. ಬಹಳ ಪ್ರಯೋಗಗಳಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕಣ ಹಾಕಿರುತ್ತಾರೆ. ಯುರೋಪಿನ ಹೊಳೆಗಳ ಲೆಕ್ಕಾಚಾರಗಳು ಹೇಳುವುದು ಬೆಳ್ಳಿ ಲೀಟರಿಗೆ ನ್ಯಾನೋಗ್ರಾಂ ಮಟ್ಟದಲ್ಲಿ, ಟೈಟಾನಿಯಂ ಡೈಆಕ್ಸೈಡ್ ಹೆಚ್ಚೆಂದರೆ ಮೈಕ್ರೋಗ್ರಾಂ ಮಟ್ಟದಲ್ಲಿ ಇರುತ್ತದೆ ಎಂದು. ಸಾವಿರ ಪಟ್ಟು, ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಹಾಗಾಗಿ ನಾಳೆಯೇ ಚಿಪ್ಪುಗಳೆಲ್ಲ ಸಾಯುತ್ತವೆ ಎನ್ನುವುದು ತಪ್ಪು. ಆದರೆ ಪ್ರಯೋಗ ನಡೆಯುವುದು ನಾಲ್ಕು ದಿನವೋ ನಾಲ್ಕು ವಾರವೋ, ಚಿಪ್ಪು ಬದುಕುವುದು ವರ್ಷಾನುಗಟ್ಟಲೆ. ಯುರೋಪಿನ ಮುತ್ತಿನ ಚಿಪ್ಪು ನೂರು ವರ್ಷ ದಾಟುವುದೂ ಉಂಟು. ಅಷ್ಟು ಕಾಲ ಅದು ಒಂದೇ ಜಾಗದಲ್ಲಿ ಕೂತು ಬಂದದ್ದನ್ನೆಲ್ಲ ಸೋಸುತ್ತದೆ.

ಎಂಡೋಸಲ್ಫಾನ್ ಹಾಗೆ ಇದೂ ಆಗಬಹುದೇ?

ಎಣ್ಮಕಜೆಯ ಕಡೆಯ ತಾಯಂದಿರು ಇದನ್ನು ಕೇಳಿದಾಗ ಗಂಟಲು ಕಟ್ಟುತ್ತದೆ. ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ವಿಷ 2000ದ ಕೊನೆಗೆ ನಿಂತಿತು, ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಎರಡೂ ಒಂದೇ ಅಲ್ಲ. ಎಂಡೋಸಲ್ಫಾನ್ ನರಗಳಿಗೆ ತಾಗುವ ಕೀಟನಾಶಕ, ಅದನ್ನು ಜನರ ತಲೆಯ ಮೇಲೆಯೇ ಸುರಿದರು. ನ್ಯಾನೋ ಕಣ ನೂರು ದಾರಿಯಿಂದ ಚೂರು ಚೂರಾಗಿ ಬರುತ್ತದೆ. ಹೋಲಿಕೆ ಇರುವುದು ಒಂದು ಕಡೆ ಮಾತ್ರ: ಅಂದೂ ಮನುಷ್ಯರಿಗಿಂತ ಮೊದಲು ಜೇನು, ಮೀನು, ಕಪ್ಪೆಗಳಲ್ಲಿ ವ್ಯತ್ಯಾಸ ಕಂಡವರು ಇದ್ದರು, ಅವರ ಮಾತನ್ನು ಕೇಳುವವರು ಇರಲಿಲ್ಲ.

ಮರುವಾಯಿ ಪುಂಡಿ ತಿನ್ನುವುದನ್ನು ಬಿಡಬೇಕೇ?

ಬಿಡಬೇಡಿ. ನಾನೂ ಬಿಟ್ಟಿಲ್ಲ. ಹೆಕ್ಕುವ ಜಾಗ ಮಾತ್ರ ನೋಡಿ: ಪೇಟೆಯ ಚರಂಡಿ ಸೇರುವಲ್ಲಿ, ದೋಣಿಗೆ ಬಣ್ಣ ಬಳಿಯುವ ಜಾಗದಲ್ಲಿ, ಕಸ ಸುಡುವ ದಡದಲ್ಲಿ ಬೇಡ. ಮಣ್ಣು ಉಗುಳಲೆಂದು ಒಂದು ರಾತ್ರಿ ನೀರಿನಲ್ಲಿ ಇಡುವ ಪದ್ಧತಿ ಒಳ್ಳೆಯದು, ಹೊಟ್ಟೆಯಲ್ಲಿರುವ ಕೆಸರು ಹೊರಗೆ ಹೋಗುತ್ತದೆ. ಅಂಗಾಂಶಕ್ಕೆ ಸೇರಿದ ಲೋಹ ಒಂದು ರಾತ್ರಿಯಲ್ಲಿ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಅದು ಶುದ್ಧ ನೀರಿನಲ್ಲಿ ದಿನ, ವಾರಗಳ ಕೆಲಸ, ಜೀರ್ಣಗ್ರಂಥಿಯಲ್ಲಿ ಆಮೇಲೂ ಸ್ವಲ್ಪ ಉಳಿಯುತ್ತದೆ. ದೊಡ್ಡ ಚಿಪ್ಪಾದರೆ ಆ ಕಪ್ಪು ಹಸಿರು ಭಾಗವನ್ನು ತೆಗೆದುಬಿಡಿ. ನಿಜ ಹೇಳಬೇಕೆಂದರೆ ಕೊಳಚೆ ಸೇರಿದ ಅಳಿವೆಯ ಚಿಪ್ಪಿನಲ್ಲಿ ರೋಗಾಣುಗಳ ಭಯವೇ ನ್ಯಾನೋ ಕಣದ ಭಯಕ್ಕಿಂತ ದೊಡ್ಡದು.

ತೊಟ್ಟಿಯಲ್ಲಿ ಮುತ್ತಿನ ಕೃಷಿ ಮಾಡುವವರು ಏನು ನೋಡಬೇಕು?

ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಬಳಸುವುದು ಇದೇ ಲ್ಯಾಮೆಲ್ಲಿಡೆನ್ಸ್. ನೀರು ಶುದ್ಧವಾಗಲಿ ಎಂದು ನ್ಯಾನೋ ಸಿಲ್ವರ್ ದ್ರಾವಣ, ಪಾಚಿ ಹೋಗಲಿ ಎಂದು ಮೈಲುತುತ್ತು ತೊಟ್ಟಿಗೆ ಹಾಕಬೇಡಿ. ಪಾಚಿಯೇ ಅದರ ಊಟ.

ನೀರು ಪರೀಕ್ಷೆ ಮಾಡಿಸಿದರೆ ನ್ಯಾನೋ ಕಣ ಗೊತ್ತಾಗುತ್ತದೆಯೇ?

ಸಾಮಾನ್ಯ ವರದಿಯಲ್ಲಿ ಬರುವುದು ಒಟ್ಟು ತಾಮ್ರ, ಒಟ್ಟು ಸತು. ಕಣವೋ ಕರಗಿದ್ದೋ ಎಂದು ಬೇರ್ಪಡಿಸಿ ಎಣಿಸಲು ದೊಡ್ಡ ಪ್ರಯೋಗಾಲಯದ ಯಂತ್ರ ಬೇಕು. ಆದ್ದರಿಂದ ಕೆಲವರು ಚಿಪ್ಪನ್ನೇ ಮಾಪಕ ಮಾಡಿಕೊಂಡಿದ್ದಾರೆ. ಪೋಲೆಂಡಿನ ವಾರ್ಸಾ ನಗರದ ನೀರು ಸರಬರಾಜು ಘಟಕದಲ್ಲಿ ಎಂಟು ಹೊಳೆಚಿಪ್ಪುಗಳಿಗೆ ಸೆನ್ಸರ್ ಅಂಟಿಸಿ ಹೊಳೆ ನೀರಿನಲ್ಲಿ ಇಟ್ಟಿದ್ದಾರೆ. ಅವು ಒಟ್ಟಿಗೆ ಬಾಗಿಲು ಮುಚ್ಚಿದರೆ ಎಚ್ಚರಿಕೆ ಹೋಗುತ್ತದೆ. ಅಮೆರಿಕದಲ್ಲಿ 1986ರಿಂದ ಕರಾವಳಿಯ ಚಿಪ್ಪುಗಳನ್ನು ಆಗಾಗ ತೆಗೆದು ಒಳಗಿನ ಲೋಹ ಅಳೆಯುವ ಯೋಜನೆ ನಡೆದು ಬಂದಿದೆ. ನಮ್ಮ ಮಕ್ಕಳು ಮಾಡುವುದು ಇದರ ಬಡ ರೂಪ: ಪ್ರತಿ ವರ್ಷ ಅದೇ ಕಟ್ಟದ ಹಿಂದೆ, ಅದೇ ಎರಡು ಕಲ್ಲುಗಳ ನಡುವೆ, ಜೀವಂತ ಚಿಪ್ಪು ಎಷ್ಟು, ಖಾಲಿ ಚಿಪ್ಪು ಎಷ್ಟು, ಹೆಬ್ಬೆರಳ ಉಗುರಿಗಿಂತ ಸಣ್ಣವು ಎಷ್ಟು ಎಂದು ಎಣಿಸಿ ಪುಸ್ತಕದಲ್ಲಿ ಬರೆದಿಡುವುದು. ಸಣ್ಣವು ಸಿಕ್ಕದ ವರ್ಷ ನನಗೆ ನಿದ್ದೆ ಬರುವುದಿಲ್ಲ.

ನೋಡಲೆಂದು ತೆಗೆದ ಚಿಪ್ಪನ್ನು ಮರಳಿ ಹೇಗೆ ಬಿಡುವುದು?

ಎಸೆಯಬೇಡಿ. ಸುಮಾರು ಜನ ದಡದಲ್ಲಿ ನಿಂತು ಎಸೆಯುತ್ತಾರೆ, ಬಂಡೆಗೆ ತಾಗಿ ಅಂಚು ಒಡೆಯುತ್ತದೆ. ತೆಗೆದ ಜಾಗಕ್ಕೇ ಹೋಗಿ, ಬೆರಳಿನಿಂದ ಮರಳಲ್ಲಿ ಸಣ್ಣ ಗುಳಿ ಮಾಡಿ, ನೀರು ಸೆಳೆಯುವ ಹಿಂದಿನ ತುದಿ ಮೇಲೆ ಬರುವ ಹಾಗೆ ಅರ್ಧ ಊರಿ. ಯಾವುದು ಹಿಂದಿನ ತುದಿ ಎಂದು ತಿಳಿಯದಿದ್ದರೆ ಮರಳಿನ ಮೇಲೆ ಮಲಗಿಸಿಟ್ಟು ನೆರಳು ಬೀಳದ ಹಾಗೆ ಸ್ವಲ್ಪ ದೂರ ನಿಂತುಕೊಳ್ಳಿ. ಒಂದು ಹೊತ್ತಿನಲ್ಲಿ ಬಿಳಿ ನಾಲಗೆಯ ಹಾಗಿರುವ ಅದರ ಕಾಲು ಹೊರಗೆ ಬಂದು, ಮರಳನ್ನು ತಡವಿ, ತಾನೇ ಎದ್ದು ನಿಂತು ಇಳಿಯುತ್ತದೆ.